ಸುಳಿಗೆ ಗೂಟ: ಸೂಪರ್‌ಕಂಡಕ್ಟರ್ ಒಳಗೆ ಕಾಂತಕ್ಷೇತ್ರ ಹೇಗಿರುತ್ತದೆ?

ಥರ್ಮಾಕೋಲ್ ಬಟ್ಟಲಿನಲ್ಲಿ ಕೇರಂ ಸ್ಟ್ರೈಕರ್‌ನಷ್ಟು ದೊಡ್ಡ ಕಪ್ಪು ಬಿಲ್ಲೆ ಇದೆ. ಅದರ ಮೇಲೊಂದು ಸಣ್ಣ ಮರದ ಚೂರು, ಚೂರಿನ ಮೇಲೆ ದುಂಡನೆಯ ಅಯಸ್ಕಾಂತ. ಬಟ್ಟಲಿಗೆ ದ್ರವ ನೈಟ್ರೋಜನ್ ಸುರಿಯುತ್ತಾರೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರುಚುರು ಕುದಿಯುತ್ತದೆ. ಬಿಳಿ ಮಂಜು ಬಟ್ಟಲಿನ ಅಂಚು ದಾಟಿ ಮೇಜಿನ ಮೇಲೆ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ ಕುದಿತ ಕಡಿಮೆಯಾಗುತ್ತದೆ. ಆಗ ಮರದ ಚೂರನ್ನು ಮೆಲ್ಲಗೆ ಎಳೆದು ತೆಗೆದರೆ ಅಯಸ್ಕಾಂತ ಬೀಳುವುದಿಲ್ಲ, ಇದ್ದಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ.

ಬರೀ ತೇಲುವುದಾಗಿದ್ದರೆ ಇಷ್ಟು ಆಶ್ಚರ್ಯ ಇರುತ್ತಿರಲಿಲ್ಲ. ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ, ಬಿಟ್ಟ ಕೂಡಲೇ ಹಳೆಯ ಜಾಗಕ್ಕೇ ಬರುತ್ತದೆ. ಮೇಲಕ್ಕೆ ಎತ್ತಿದರೆ ಕೆಳಗಿನ ಬಿಲ್ಲೆಯೂ ಜೊತೆಗೇ ಎದ್ದು ಬರುತ್ತದೆ, ನಡುವೆ ಏನೂ ಇಲ್ಲದಿದ್ದರೂ! ಆದರೆ ಅದೇ ಅಯಸ್ಕಾಂತವನ್ನು ಬುಗುರಿಯ ಹಾಗೆ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ಪಕ್ಕಕ್ಕೆ ಹೋಗಲು ಬಿಡದ ಬಿಲ್ಲೆ ತಿರುಗಲು ಮಾತ್ರ ಹೇಗೆ ಬಿಡುತ್ತದೆ?

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಎಂಬ ವಸ್ತುವಿನ ಸುದ್ದಿ ಬಂದಾಗ ಇಂಥ ವಿಡಿಯೊಗಳು ಎಲ್ಲರ ಫೋನಿಗೂ ಬಂದವು. ಮಾಮೂಲಿ ತಾಪದಲ್ಲೇ ಕೆಲಸ ಮಾಡುವ ಸೂಪರ್‌ಕಂಡಕ್ಟರ್ ಸಿಕ್ಕಿದೆ ಎಂದು ಹೇಳಲಾಗಿತ್ತು. ಆ ಮಾತು ನಿಜವಲ್ಲ ಎಂದು ಆಗಸ್ಟ್ ಹೊತ್ತಿಗೆ ಹಲವು ಪ್ರಯೋಗಾಲಯಗಳು ತೋರಿಸಿದವು. ಇನ್ನೊಂದು ಕಡೆ, ಸೂರ್ಯನಲ್ಲಿ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ಮಾಡಲು ಹೊರಟವರು ಇದೇ ಕಪ್ಪು ಬಿಲ್ಲೆಯ ಜಾತಿಯ ವಸ್ತುವಿನಿಂದ ದೈತ್ಯ ಅಯಸ್ಕಾಂತ ಕಟ್ಟುತ್ತಿದ್ದಾರೆ. ಎರಡೂ ಸುದ್ದಿ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಈ ವಸ್ತುವಿನೊಳಗೆ ಕಾಂತಕ್ಷೇತ್ರ ಏನು ಮಾಡುತ್ತದೆ?

## ಮೊದಲು ಸೂಪರ್‌ಕಂಡಕ್ಟರ್ ಅಂದರೇನು

ತಾಮ್ರದ ತಂತಿಯಲ್ಲಿ ಕರೆಂಟ್ ಹರಿಯುವಾಗ ಎಲೆಕ್ಟ್ರಾನ್‌ಗಳು ದಾರಿಯುದ್ದಕ್ಕೂ ಎಡವುತ್ತಾ ಹೋಗುತ್ತವೆ. ಎಡವಿದಾಗ ಕಳೆದುಕೊಂಡ ಶಕ್ತಿ ಶಾಖವಾಗುತ್ತದೆ. ಇದನ್ನೇ ನಾವು ರೋಧ ಎನ್ನುತ್ತೇವೆ.

1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರ ಪ್ರಯೋಗಾಲಯ ಪಾದರಸವನ್ನು ಸುಮಾರು ಮೈನಸ್ 269 ಡಿಗ್ರಿಗೆ ತಂಪು ಮಾಡಿ ನೋಡಿತು. ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಕಡಿಮೆಯಾಗಿದ್ದಲ್ಲ, ಪೂರ್ತಿ ಇಲ್ಲವಾಗಿದ್ದು. ಅಷ್ಟು ಚಳಿಯಲ್ಲಿ ಎಲೆಕ್ಟ್ರಾನ್‌ಗಳು ಜೋಡಿ ಜೋಡಿಯಾಗುತ್ತವೆ. ಎಲ್ಲ ಜೋಡಿಗಳೂ ಡೊಳ್ಳು ಕುಣಿತದ ತಂಡದ ಹಾಗೆ ಒಂದೇ ಹೆಜ್ಜೆ ಹಾಕುತ್ತವೆ. ತಂಡವೇ ಒಟ್ಟಾಗಿ ಚಲಿಸುವಾಗ ಯಾವುದೋ ಒಂದು ಜೋಡಿ ಮಾತ್ರ ಎಡವಿ ಹಿಂದೆ ಬೀಳುವುದು ಸಾಧ್ಯವಿಲ್ಲ.

1933ರಲ್ಲಿ ಬರ್ಲಿನ್‌ನಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ಗುಣ ಕಂಡರು. ಸೂಪರ್‌ಕಂಡಕ್ಟರ್ ಆದ ಕೂಡಲೇ ಲೋಹ ತನ್ನೊಳಗಿದ್ದ ಕಾಂತಕ್ಷೇತ್ರವನ್ನು ಹೊರಗೆ ತಳ್ಳುತ್ತದೆ. ಮೇಲ್ಮೈಯಲ್ಲಿ ತೆಳು ಪದರದಷ್ಟು ಕರೆಂಟ್ ತಾನೇ ಸುತ್ತತೊಡಗಿ, ಹೊರಗಿನ ಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ.

ಓನ್ನೆಸ್ ಅವರಿಗೆ ಒಂದು ಕನಸಿತ್ತು. ರೋಧವೇ ಇಲ್ಲದ ತಂತಿಯನ್ನು ಸುರುಳಿ ಸುತ್ತಿ ಕರೆಂಟ್ ಹರಿಸಿದರೆ 10 ಟೆಸ್ಲಾ ಶಕ್ತಿಯ ಅಯಸ್ಕಾಂತ ಮಾಡಬಹುದಲ್ವಾ? ಕಾಂತಕ್ಷೇತ್ರದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. ಆಸ್ಪತ್ರೆಯ ಎಂಆರ್‌ಐ ಯಂತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಆದರೆ ಸೀಸದ ಸುರುಳಿ 0.1 ಟೆಸ್ಲಾ ಮುಟ್ಟುವ ಮೊದಲೇ ಸೋತುಹೋಯಿತು. ಶುದ್ಧ ಸೀಸ, ಪಾದರಸ, ತವರ ಎಲ್ಲವೂ ಹೀಗೇ. ಒಂದು ಮಿತಿಯ ತನಕ ಕ್ಷೇತ್ರವನ್ನು ಪೂರ್ತಿ ಹೊರಗಿಡುತ್ತವೆ. ಮಿತಿ ದಾಟಿದರೆ ಕ್ಷೇತ್ರ ಪೂರ್ತಿ ಒಳನುಗ್ಗಿ, ಅವು ಮಾಮೂಲಿ ಲೋಹವಾಗಿಬಿಡುತ್ತವೆ.

## ಒಳಗೆ ಬಿಟ್ಟುಕೊಳ್ಳುವ ಜಾತಿ

ಇನ್ನೊಂದು ಜಾತಿಯ ಸೂಪರ್‌ಕಂಡಕ್ಟರ್‌ಗಳು ಹಟ ಮಾಡುವುದಿಲ್ಲ. ಕ್ಷೇತ್ರ ಜಾಸ್ತಿಯಾದರೆ ಅದನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟುಕೊಂಡು, ಉಳಿದ ಜಾಗದಲ್ಲಿ ಸೂಪರ್‌ಕಂಡಕ್ಟರ್ ಆಗಿಯೇ ಉಳಿಯುತ್ತವೆ. 1930ರ ದಶಕದಲ್ಲಿ ಹಾರ್ಕಿವ್‌ನಲ್ಲಿ ಲೆವ್ ಶುಬ್ನಿಕೊವ್ ಇದನ್ನು ಮಿಶ್ರಲೋಹಗಳಲ್ಲಿ ಅಳೆದು ತೋರಿಸಿದರು. 1937ರಲ್ಲಿ ಸೋವಿಯತ್ ಸರ್ಕಾರ ಅವರನ್ನು ಗುಂಡಿಕ್ಕಿ ಕೊಂದಿತು. ಅವರ ಅಳತೆಗಳ ಬೆಲೆ ಜಗತ್ತಿಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು.

ಒಳಗೆ ಬಂದ ಕ್ಷೇತ್ರ ಯಾವ ರೂಪದಲ್ಲಿರುತ್ತದೆ ಎಂದು ಲೆಕ್ಕ ಹಾಕಿದವರು ಮಾಸ್ಕೋದ ಅಲೆಕ್ಸಿ ಅಬ್ರಿಕೊಸೊವ್. ಅವರ ಗುರು ಲ್ಯಾಂಡೌ ಅವರಿಗೇ ಮೊದಲು ಅದು ಒಪ್ಪಿಗೆಯಾಗಲಿಲ್ಲ. ಲೇಖನ ಪ್ರಕಟವಾಗಿದ್ದು 1957ರಲ್ಲಿ, ನೊಬೆಲ್ ಬಂದಿದ್ದು 2003ರಲ್ಲಿ.

ಅವರು ಕಂಡುಕೊಂಡಿದ್ದು ಇದು: ಕ್ಷೇತ್ರ ಮಳೆನೀರು ಮಣ್ಣಿಗೆ ಇಂಗುವ ಹಾಗೆ ಹರಡಿಕೊಂಡು ಒಳಗೆ ಬರುವುದಿಲ್ಲ. ಸಣ್ಣ ಸಣ್ಣ ಎಳೆಗಳಾಗಿ ಸೀಳಿಕೊಂಡು ಬರುತ್ತದೆ. ಪ್ರತಿ ಎಳೆಯ ಸುತ್ತಲೂ ಕರೆಂಟ್ ಗಿರಗಿರನೆ ಸುತ್ತುತ್ತದೆ. ತುಂಬಿದ ಹೊಳೆಯಲ್ಲಿ ಸುಳಿ ನೋಡಿದ್ದೀರಲ್ಲ, ನಡುವೆ ಗುಂಡಿ, ಸುತ್ತ ತಿರುಗುವ ನೀರು? ಹಾಗೇ. ಇಂಗ್ಲಿಷ್‌ನಲ್ಲಿ ವೋರ್ಟೆಕ್ಸ್ ಎನ್ನುವುದಕ್ಕೆ ನಮ್ಮ ಸುಳಿ ಎಂಬ ಪದ ಸರಿಯಾಗಿ ಹೊಂದುತ್ತದೆ. ಸುಳಿಯ ನಟ್ಟನಡುವೆ ಎಲೆಕ್ಟ್ರಾನ್ ಜೋಡಿಗಳು ಮುರಿದಿರುತ್ತವೆ, ಅಲ್ಲಿ ವಸ್ತು ಮಾಮೂಲಿಯಾಗಿರುತ್ತದೆ. ಆ ತಿರುಳು ಬಿಟ್ಟರೆ ಉಳಿದ ಜಾಗವೆಲ್ಲ ಸೂಪರ್‌ಕಂಡಕ್ಟರ್.

ಎಲ್ಲ ಸುಳಿಗಳಲ್ಲೂ ಇರುವ ಕಾಂತಕ್ಷೇತ್ರದ ಮೊತ್ತ ಒಂದೇ ಅಳತೆಯದು. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಅನ್ನುವುದೇ ಇಲ್ಲ. ಚುಕ್ಕಿ ರಂಗೋಲಿಯ ಎಳೆಯನ್ನು ನೆನೆಸಿಕೊಳ್ಳಿ. ಚುಕ್ಕಿಯ ಸುತ್ತ ಬಳಸಿ ಬಂದ ಎಳೆ ಹೊರಟ ಜಾಗಕ್ಕೇ ಬಂದು ಕೂಡಬೇಕು. ಒಂದು ಸುತ್ತು ಹಾಕಬಹುದು, ಎರಡು ಹಾಕಬಹುದು. ಒಂದೂಕಾಲು ಸುತ್ತಿಗೆ ನಿಲ್ಲಿಸಿದರೆ ರಂಗೋಲಿ ಕೂಡುವುದಿಲ್ಲ. ಎಲೆಕ್ಟ್ರಾನ್ ಜೋಡಿಗಳ ಅಲೆಯೂ ತಿರುಳಿನ ಸುತ್ತ ಬಳಸಿ ಬಂದು ತನ್ನನ್ನೇ ಕೂಡಬೇಕು. ಹಾಗಾಗಿ ಪೂರ್ತಿ ಸುತ್ತುಗಳಿಗೆ ಮಾತ್ರ ಅವಕಾಶ. ಒಂದೇ ಸುತ್ತಿನ ಎಳೆ ಎಲ್ಲಕ್ಕಿಂತ ಚಿಕ್ಕದು, ಮತ್ತು ಸುಳಿಗಳು ಆ ಚಿಕ್ಕ ಗಾತ್ರದಲ್ಲೇ ಇರುತ್ತವೆ.

ಇದೆಷ್ಟು ಸಣ್ಣದು? ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವಷ್ಟು, ಅಷ್ಟೇ. ಇಷ್ಟು ದುರ್ಬಲ ಕ್ಷೇತ್ರವನ್ನು ಸುಳಿಯ ಎಳೆಗಳಾಗಿ ಬಿಡಿಸಿದರೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಅಂದರೆ ಒಂದು ಚದರ ಸೆಂಟಿಮೀಟರ್‌ನಲ್ಲಿ, ಸುಮಾರು 20 ಲಕ್ಷ ಎಳೆಗಳಾಗುತ್ತವೆ. ಒಂದು ಟೆಸ್ಲಾದಲ್ಲಾದರೆ ಒಂದೇ ಚದರ ಮಿಲಿಮೀಟರ್‌ನಲ್ಲಿ 48 ಕೋಟಿ ಸುಳಿಗಳು.

ಒಂದೇ ದಿಕ್ಕಿನ ಸುಳಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಾಗಿ ಸಮನಾಗಿ ಹಂಚಿಕೊಂಡು ನಿಲ್ಲುತ್ತವೆ. ತಟ್ಟೆಯಲ್ಲಿ ಒಂದೇ ಅಳತೆಯ ನಾಣ್ಯಗಳನ್ನು ಒತ್ತಾಗಿ ಜೋಡಿಸಿದರೆ ಪ್ರತಿ ನಾಣ್ಯಕ್ಕೂ ಆರು ನೆರೆಯವು ಸಿಗುತ್ತವಲ್ಲ, ಅದೇ ವಿನ್ಯಾಸ. 1967ರಲ್ಲಿ ಜರ್ಮನಿಯ ಎಸ್‌ಮನ್ ಮತ್ತು ಟ್ರಾಯ್‌ಬ್ಲ ಇದರ ಚಿತ್ರ ತೆಗೆದರು. ಶಾಲೆಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು ನೋಡುತ್ತಿದ್ದೆವಲ್ಲ, ಅವರು ಮಾಡಿದ್ದೂ ಅದನ್ನೇ. ಆದರೆ ಪುಡಿ ಹೊಗೆಯಷ್ಟು ನಯವಾಗಿತ್ತು. ಪ್ರತಿ ಸುಳಿಯ ತುದಿಯಲ್ಲೂ ಪುಡಿ ಹೋಗಿ ಕೂತು, ಸೂಕ್ಷ್ಮದರ್ಶಕದಲ್ಲಿ ಚುಕ್ಕಿ ಚುಕ್ಕಿಯಾಗಿ ಕಂಡಿತು. ಲೆಕ್ಕದಲ್ಲಿ ಮಾತ್ರ ಇದ್ದದ್ದು ಹತ್ತು ವರ್ಷಕ್ಕೆ ಕಣ್ಣಿಗೇ ಬಿತ್ತು.

## ‘ಹೆಚ್ಚು ತಾಪ’ ಅಂದರೆ ಮೈನಸ್ 180

1986ರಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮುಲ್ಲರ್ ತಾಮ್ರ, ಆಮ್ಲಜನಕ ಸೇರಿದ ಒಂದು ಪಿಂಗಾಣಿಯಂಥ ವಸ್ತುವಿನಲ್ಲಿ ಅತಿವಾಹಕತೆ, ಅಂದರೆ ಸೂಪರ್‌ಕಂಡಕ್ಟರ್ ಗುಣ, ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. 1987ರ ಆರಂಭದಲ್ಲಿ ಅಮೆರಿಕದಲ್ಲಿ ವು ಮತ್ತು ಚು ಅವರ ತಂಡಗಳು ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕದ ವಸ್ತುವಿನಲ್ಲಿ ಮೈನಸ್ 180 ಡಿಗ್ರಿ ಮುಟ್ಟಿದವು. ಇದೇ ವೈಬಿಸಿಒ, ನಮ್ಮ ಥರ್ಮಾಕೋಲ್ ಬಟ್ಟಲಿನ ಕಪ್ಪು ಬಿಲ್ಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆ ವರ್ಷವೇ ಈ ವಸ್ತುವಿನ ಬೆನ್ನು ಹತ್ತಿತ್ತು. ಇದರಲ್ಲಿ ಅತಿವಾಹಕತೆ ಯಾವ ಭಾಗದಿಂದ ಬರುತ್ತದೆ ಎಂಬ ಬಗ್ಗೆ 1987ರಲ್ಲೇ ಅವರ ಲೇಖನ ಪ್ರಕಟವಾಯಿತು.

ಮೈನಸ್ 180 ಕೂಡ ನಮಗೆ ಘೋರ ಚಳಿಯೇ. ಆದರೂ ‘ಹೆಚ್ಚು ತಾಪ’ ಅನ್ನುವುದಕ್ಕೆ ಕಾರಣವಿದೆ. ದ್ರವ ನೈಟ್ರೋಜನ್ ಮೈನಸ್ 196ರಲ್ಲಿ ಕುದಿಯುತ್ತದೆ. ಗಾಳಿಯಿಂದಲೇ ತೆಗೆಯಬಹುದಾದ ಅಗ್ಗದ ದ್ರವ ಅದು. ಅದರಲ್ಲಿ ಅದ್ದಿದರೆ ಸಾಕು, ವೈಬಿಸಿಒ ಸೂಪರ್‌ಕಂಡಕ್ಟರ್ ಆಗುತ್ತದೆ. ಹಳೆಯವಕ್ಕೆ ದುಬಾರಿ ದ್ರವ ಹೀಲಿಯಂ ಬೇಕಿತ್ತು.

ಈ ವಸ್ತುಗಳೆಲ್ಲ ಸುಳಿಗಳನ್ನು ಒಳಗೆ ಬಿಟ್ಟುಕೊಳ್ಳುವ ಜಾತಿಗೆ ಸೇರಿದವು. ಸುಳಿಯ ತಿರುಳು ಸುಮಾರು 2 ನ್ಯಾನೊಮೀಟರ್ ಮಾತ್ರ. ಅದರ ಕಾಂತಕ್ಷೇತ್ರ ಮಾತ್ರ ಸುತ್ತ 150 ನ್ಯಾನೊಮೀಟರ್‌ನಷ್ಟು ಹರಡಿರುತ್ತದೆ. ಒಂದು ತಲೆಗೂದಲ ದಪ್ಪದಲ್ಲಿ ಅಂಥ 150ಗಳು ನೂರಾರು ಹಿಡಿಸುತ್ತವೆ. ತಿರುಳು ಇಷ್ಟು ಚಿಕ್ಕದಾದ್ದರಿಂದ ಎಷ್ಟೇ ಸುಳಿ ತುಂಬಿದರೂ ನಡುವೆ ಜಾಗ ಉಳಿಯುತ್ತದೆ. 20 ಟೆಸ್ಲಾದಲ್ಲೂ ಪಕ್ಕದ ಎರಡು ತಿರುಳುಗಳ ನಡುವೆ ಸುಮಾರು 11 ನ್ಯಾನೊಮೀಟರ್ ಇರುತ್ತದೆ. ಓನ್ನೆಸ್ ಅವರ ಸೀಸಕ್ಕೆ ಆಗದಿದ್ದುದು ಇದಕ್ಕೆ ಆಗುವುದು ಈ ಕಾರಣಕ್ಕೆ.

## ಸುಳಿ ಅಲುಗಾಡಿದರೆ ಕರೆಂಟ್ ನಷ್ಟ

ಇನ್ನು ಎಲ್ಲ ಸರಿಹೋಯಿತು ಅನಿಸಬಹುದು. ತೊಂದರೆ ಶುರುವಾಗುವುದೇ ಇಲ್ಲಿ.

ಕಾಂತಕ್ಷೇತ್ರದಲ್ಲಿ ಕರೆಂಟ್ ಹರಿದರೆ ಅಡ್ಡಕ್ಕೆ ಒಂದು ಬಲ ಹುಟ್ಟುತ್ತದೆ. ಮಿಕ್ಸಿಯ ಮೋಟಾರ್ ತಿರುಗುವುದೂ ಆ ಬಲದಿಂದಲೇ. ಸೂಪರ್‌ಕಂಡಕ್ಟರ್ ಒಳಗೆ ಕರೆಂಟ್ ಹರಿಸಿದಾಗ ಆ ಬಲ ಸುಳಿಗಳ ಮೇಲೆ ಬಿದ್ದು, ಅವನ್ನು ಪಕ್ಕಕ್ಕೆ ತಳ್ಳುತ್ತದೆ. ಸುಳಿ ಸರಿದರೆ ಜೊತೆಗೆ ಅದರ ಮಾಮೂಲಿ ತಿರುಳೂ ಸರಿಯುತ್ತದೆ. ಆ ತಿರುಳಿನಲ್ಲಿ ಎಲೆಕ್ಟ್ರಾನ್‌ಗಳು ಮತ್ತೆ ಎಡವುತ್ತವೆ, ಶಾಖ ಹುಟ್ಟುತ್ತದೆ. ಅಂದರೆ ರೋಧ ಮರಳಿ ಬಂತು! ಸೂಪರ್‌ಕಂಡಕ್ಟರ್ ಹೌದು, ಆದರೆ ರೋಧ ಸೊನ್ನೆಯಲ್ಲ.

ಇದಕ್ಕಿರುವ ಉಪಾಯ ನಮ್ಮ ಕೊಟ್ಟಿಗೆಯಲ್ಲೇ ಇದೆ. ದನ ಅಲೆಯಬಾರದು ಅಂದರೆ ಗೂಟ ಹೊಡೆದು ಕಟ್ಟಬೇಕು.

ಹರಳಿನಲ್ಲಿ ಎಲ್ಲಾದರೂ ಕೆಟ್ಟ ಜಾಗ ಇದ್ದರೆ, ಅಂದರೆ ಒಂದು ಪರಮಾಣು ತಪ್ಪಿಹೋಗಿದ್ದರೆ, ಬೇರೆ ವಸ್ತುವಿನ ಕಣ ಸೇರಿಕೊಂಡಿದ್ದರೆ, ಅಲ್ಲಿ ಅತಿವಾಹಕತೆ ಮೊದಲೇ ಸತ್ತಿರುತ್ತದೆ. ಸುಳಿಯ ತಿರುಳು ಹೇಗೂ ಅತಿವಾಹಕತೆಯನ್ನು ಕೊಲ್ಲಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಕೆಟ್ಟ ಜಾಗದಲ್ಲಿ ಕೂತರೆ ಆ ಖರ್ಚು ಉಳಿಯುತ್ತದೆ. ಒಮ್ಮೆ ಕೂತ ಮೇಲೆ ಅಲ್ಲಿಂದ ಎಬ್ಬಿಸಬೇಕಾದರೆ ಬಲ ಹಾಕಬೇಕು. ಹೀಗೆ ಹರಳಿನ ದೋಷವೇ ಸುಳಿಗೆ ಗೂಟವಾಗುತ್ತದೆ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಅತಿ ಶುದ್ಧವಾದ, ದೋಷವೇ ಇಲ್ಲದ ಹರಳಿಗೆ ಕಾಂತಕ್ಷೇತ್ರದಲ್ಲಿ ಜಾಸ್ತಿ ಕರೆಂಟ್ ಹೊರಲು ಆಗುವುದಿಲ್ಲ. ಸರಿಯಾದ ಕಸ, ಸರಿಯಾದ ಅಳತೆಯಲ್ಲಿ ಬೆರೆತಿದ್ದರೆ ಆಗುತ್ತದೆ. ನಿಜವಾದ ಕಸುಬು ಇರುವುದು ಆ ಕಸ ಬೆರೆಸುವುದರಲ್ಲಿ.

## ಬಿಲ್ಲೆಯ ಗುಟ್ಟು, ರಾಗಿಯ ರಾಶಿ

ಈಗ ಬಟ್ಟಲಿಗೆ ವಾಪಸ್ ಹೋಗೋಣ. ಬಿಲ್ಲೆ ತಣ್ಣಗಾಗುವ ಮೊದಲೇ ಅಯಸ್ಕಾಂತ ಅದರ ಮೇಲಿತ್ತು. ತಣ್ಣಗಾದಾಗ ಅದರ ಕ್ಷೇತ್ರ ಸುಳಿಗಳಾಗಿ ಬಿಲ್ಲೆಯೊಳಗೇ ಗೂಟಕ್ಕೆ ಸಿಕ್ಕಿಕೊಂಡಿತು. ಅಯಸ್ಕಾಂತವನ್ನು ಪಕ್ಕಕ್ಕೆ ತಳ್ಳಿದರೆ ಸುಳಿಗಳು ಗೂಟದಿಂದ ಕಳಚಬೇಕಾಗುತ್ತದೆ, ಅವು ಒಪ್ಪುವುದಿಲ್ಲ. ಎತ್ತಿದರೂ ಅದೇ ಕತೆ. ಆದರೆ ದುಂಡನೆಯ ಅಯಸ್ಕಾಂತದ ಕ್ಷೇತ್ರ ಸುತ್ತಲೂ ಒಂದೇ ಸಮ ಇರುತ್ತದೆ. ಇದ್ದಲ್ಲೇ ತಿರುಗಿಸಿದರೆ ಕ್ಷೇತ್ರದಲ್ಲಿ ಏನೂ ಬದಲಾಗುವುದಿಲ್ಲ, ಯಾವ ಸುಳಿಯೂ ಕದಲಬೇಕಿಲ್ಲ. ಅದಕ್ಕೇ ಬುಗುರಿಯಂತೆ ತಿರುಗುವುದು. ಎಲ್‌ಕೆ-99 ವಿಡಿಯೊದಲ್ಲಿ ಚೂರಿನ ಒಂದು ಅಂಚು ಅಯಸ್ಕಾಂತವನ್ನು ಮುಟ್ಟಿಕೊಂಡೇ ಇತ್ತು. ಮಾಮೂಲಿ ಕಾಂತಗುಣವಿರುವ ಚೂರೂ ಹಾಗೆ ಅರ್ಧ ಏಳಬಲ್ಲದು. ಅರ್ಧ ಏಳುವುದು ಬೇರೆ, ಹೀಗೆ ಸಿಕ್ಕಿಕೊಂಡು ನಿಲ್ಲುವುದು ಬೇರೆ.

ಹೊರಗಿನ ಕ್ಷೇತ್ರವನ್ನು ಏರಿಸುತ್ತಾ ಹೋದರೆ ಸುಳಿಗಳು ಅಂಚಿನಿಂದ ಒಳಗೆ ಬರುತ್ತವೆ. ಮುಂದಿನವು ಗೂಟಕ್ಕೆ ಸಿಕ್ಕಿ ನಿಂತರೆ ಹಿಂದಿನವು ಅಂಚಿನಲ್ಲೇ ಗುಂಪಾಗುತ್ತವೆ. ಕಣದಲ್ಲಿ ರಾಗಿ ಸುರಿದರೆ ಅದು ನೀರಿನಂತೆ ಹರಡುವುದಿಲ್ಲ, ಇಳಿಜಾರಾಗಿ ನಿಲ್ಲುತ್ತದೆ. ಕಾಳಿನ ನಡುವಿನ ತಿಕ್ಕಾಟ ಹಿಡಿದಿಟ್ಟಷ್ಟೇ ಇಳಿಜಾರು, ಅದಕ್ಕಿಂತ ಕಡಿದಾದರೆ ಜರಿಯುತ್ತದೆ. ಸುಳಿಗಳ ರಾಶಿಯೂ ಹೀಗೆ ಇಳಿಜಾರಾಗಿ ನಿಲ್ಲುತ್ತದೆ. ಇಲ್ಲಿ ತಿಕ್ಕಾಟದ ಕೆಲಸ ಗೂಟಗಳದು. ಒಂದು ಕಡೆ ಸುಳಿ ಜಾಸ್ತಿ, ಪಕ್ಕದಲ್ಲಿ ಕಮ್ಮಿ ಇದ್ದರೆ ಅಲ್ಲಿ ಕರೆಂಟ್ ಹರಿಯುತ್ತಿದೆ ಎಂದೇ ಅರ್ಥ. ಇಳಿಜಾರು ಕಡಿದಾದಷ್ಟೂ ಕರೆಂಟ್ ಜಾಸ್ತಿ. ಒಂದು ಸೂಪರ್‌ಕಂಡಕ್ಟರ್ ಎಷ್ಟು ಕರೆಂಟ್ ಹೊರಬಲ್ಲದು ಎಂಬುದನ್ನು ತೀರ್ಮಾನಿಸುವುದು ಗೂಟಗಳು. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚಾರ್ಲ್ಸ್ ಬೀನ್ ಇದನ್ನು ಸರಳ ಲೆಕ್ಕಕ್ಕೆ ಇಳಿಸಿದರು. ಇಂದಿಗೂ ಎಂಜಿನಿಯರ್‌ಗಳು ಮೊದಲು ಹಾಕುವುದು ಆ ಲೆಕ್ಕವನ್ನೇ.

ಹೊರಗಿನ ಕ್ಷೇತ್ರ ತೆಗೆದುಬಿಟ್ಟರೂ ರಾಶಿ ಕರಗುವುದಿಲ್ಲ. ಬಿಲ್ಲೆಯೇ ಅಯಸ್ಕಾಂತವಾಗಿ ಉಳಿಯುತ್ತದೆ. 2014ರಲ್ಲಿ ಕೇಂಬ್ರಿಡ್ಜ್‌ನ ತಂಡ ಮೈನಸ್ 247 ಡಿಗ್ರಿಯಲ್ಲಿ ಎರಡು ಬಿಲ್ಲೆಗಳ ನಡುವೆ 17.6 ಟೆಸ್ಲಾ ಹಿಡಿದಿಟ್ಟಿತು. ಬಿಲ್ಲೆಗಳು ಎರಡೂವರೆ ಸೆಂಟಿಮೀಟರ್ ಅಗಲದವು. ಒಳಗೆ ಸಿಕ್ಕಿದ ಕ್ಷೇತ್ರ ಹೊರಕ್ಕೆ ಎಷ್ಟು ಒತ್ತುತ್ತಿತ್ತೆಂದರೆ, ಪಿಂಗಾಣಿ ಸೀಳದಂತೆ ಗಾಡಿಚಕ್ರಕ್ಕೆ ಹಾಕುವ ಹಾಗೆ ಉಕ್ಕಿನ ಪಟ್ಟಿ ಬಿಗಿಯಬೇಕಾಯಿತು.

## ದೋಸೆಯ ಅಟ್ಟಿ ಜಾರಿದಾಗ

ಬಿಸಿ ಜಾಸ್ತಿಯಾದಷ್ಟೂ ಎಲ್ಲವೂ ಹೆಚ್ಚು ನಡುಗುತ್ತದೆ. ಮೈನಸ್ 269ರಲ್ಲಿ ಸುಳಿಗಳು ಗೂಟದಲ್ಲಿ ತೆಪ್ಪಗಿರುತ್ತವೆ. ಮೈನಸ್ 196ರಲ್ಲಿ ಹಾಗಲ್ಲ. ನಡುಕಕ್ಕೆ ಆಗಾಗ ಒಂದೊಂದು ಕಳಚಿ ಪಕ್ಕದ ಗೂಟಕ್ಕೆ ಹಾರುತ್ತದೆ. ತಿರುಳು ಚಿಕ್ಕದಾದ್ದರಿಂದ ಪ್ರತಿ ಗೂಟದ ಹಿಡಿತವೂ ಸಡಿಲವೇ. ಹೀಗೆ ಹಿಡಿದಿಟ್ಟ ಕ್ಷೇತ್ರ ನಿಧಾನವಾಗಿ ಸೋರುತ್ತದೆ. ಸೋರುವ ರೀತಿಯಲ್ಲೊಂದು ಸಮಾಧಾನವಿದೆ. ಮೊದಲ ನಿಮಿಷದಿಂದ ಹತ್ತನೇ ನಿಮಿಷದೊಳಗೆ ಎಷ್ಟು ಸೋರಿತೋ, ಹೆಚ್ಚುಕಡಿಮೆ ಅಷ್ಟೇ ಮತ್ತೆ ಸೋರಲು ನೂರನೇ ನಿಮಿಷದ ತನಕ ಬೇಕು, ಅದಾದ ಮೇಲೆ ಸಾವಿರನೇ ನಿಮಿಷದ ತನಕ.

ಇನ್ನೂ ಬಿಸಿ ಮಾಡಿದರೆ ಸುಳಿಗಳ ಅಚ್ಚುಕಟ್ಟು ಜೋಡಣೆಯೇ ಕರಗುತ್ತದೆ. ವಸ್ತು ಕರಗುವುದಿಲ್ಲ, ಸುಳಿಗಳ ಜೋಡಣೆ ಮಾತ್ರ ಮಂಜುಗಡ್ಡೆ ನೀರಾದ ಹಾಗೆ ದ್ರವವಾಗುತ್ತದೆ. 1991ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಚಂದನ್ ದಾಸ್‌ಗುಪ್ತ, ಎಚ್.ಆರ್. ಕೃಷ್ಣಮೂರ್ತಿ, ಟಿ.ವಿ. ರಾಮಕೃಷ್ಣನ್ ಮತ್ತು ಜೊತೆಗಾರರು ಈ ದ್ರವ ಯಾವಾಗ ಹೆಪ್ಪುಗಟ್ಟುತ್ತದೆ ಎಂಬ ಲೆಕ್ಕ ಪ್ರಕಟಿಸಿದರು. 1995ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ ಎಲಿ ಜೆಲ್ಡೊವ್ ತಂಡ ಅತಿ ಸಣ್ಣ ಸಂವೇದಕಗಳನ್ನಿಟ್ಟು, ಬಿಸ್ಮತ್ ಇರುವ ಇನ್ನೊಂದು ಸೂಪರ್‌ಕಂಡಕ್ಟರ್‌ನಲ್ಲಿ ಆ ಕರಗುವ ಗಳಿಗೆಯನ್ನು ಹಿಡಿಯಿತು. ಕರಗಿದಾಗ ಸುಳಿಗಳು ಸ್ವಲ್ಪ ಹತ್ತಿರ ಬಂದಿದ್ದವು. ಮಂಜುಗಡ್ಡೆ ಕರಗಿ ನೀರಾದಾಗಲೂ ಹೀಗೇ, ನೀರು ಕಡಿಮೆ ಜಾಗ ಹಿಡಿಯುತ್ತದೆ.

ಆ ಬಿಸ್ಮತ್ ವಸ್ತು ಪದರ ಪದರವಾಗಿದೆ, ಪದರಗಳ ನಡುವಿನ ನಂಟು ತೀರಾ ಸಡಿಲ. ಅಲ್ಲಿ ಸುಳಿ ಒಂದು ಗಟ್ಟಿ ಹಗ್ಗವಲ್ಲ, ಒಂದರ ಮೇಲೊಂದು ಇಟ್ಟ ದೋಸೆಯ ಅಟ್ಟಿ. ಬೆಚ್ಚಗಾದರೆ ದೋಸೆಗಳು ಅತ್ತಿತ್ತ ಜಾರುತ್ತವೆ. ಒಂದು ದೋಸೆಯನ್ನು ಗೂಟಕ್ಕೆ ಕಟ್ಟಿದರೆ ಉಳಿದವು ನಿಲ್ಲುವುದಿಲ್ಲ. ವೈಬಿಸಿಒದಲ್ಲಿ ಪದರಗಳ ನಂಟು ಗಟ್ಟಿ, ಸುಳಿ ಹೂವಿನ ಸರದಂತೆ ಒಟ್ಟಿಗಿರುತ್ತದೆ. ಹಾಗಾಗಿ ದ್ರವ ನೈಟ್ರೋಜನ್‌ನ ತಾಪದಲ್ಲಿ ಬಿಸ್ಮತ್ ವಸ್ತು ಬೇಗ ಸೋತರೂ ವೈಬಿಸಿಒ ಕೆಲವು ಟೆಸ್ಲಾದ ತನಕ ತಡೆದುಕೊಳ್ಳುತ್ತದೆ.

## 267 ಕಿಲೋಮೀಟರ್ ಟೇಪ್

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಸೇರಿ 20 ಟೆಸ್ಲಾದ ದೊಡ್ಡ ಅಯಸ್ಕಾಂತವನ್ನು ಪರೀಕ್ಷಿಸಿದವು. ಸಮ್ಮಿಲನಕ್ಕೆ ಬೇಕಾದ ಸುಡುವ ಅನಿಲವನ್ನು ಯಾವ ಪಾತ್ರೆಯೂ ತಡೆಯಲಾರದು, ಕಾಂತಕ್ಷೇತ್ರವೇ ಹಿಡಿದಿಡಬೇಕು. ಆ ಒಂದು ಅಯಸ್ಕಾಂತಕ್ಕೆ ವೈಬಿಸಿಒ ಜಾತಿಯ 267 ಕಿಲೋಮೀಟರ್ ಟೇಪ್ ಸುತ್ತಿದ್ದರು. ಹೆಚ್ಚುಕಡಿಮೆ ಬೆಂಗಳೂರಿನಿಂದ ದಾವಣಗೆರೆಗೆ ಇರುವಷ್ಟು ಉದ್ದ. ನೈಟ್ರೋಜನ್ ಸಾಕಾಗುವ ವಸ್ತುವನ್ನೇ ಬಳಸಿದರೂ ಅದನ್ನು ಸುಮಾರು ಮೈನಸ್ 253 ಡಿಗ್ರಿಗೆ ಇಳಿಸಿದ್ದರು. ಸುಳಿಗಳ ನಡುಕ ನಿಲ್ಲಿಸಿ, ಗೂಟದ ಹಿಡಿತ ಬಿಗಿ ಮಾಡುವುದಕ್ಕೆ.

ಈ ಟೇಪ್ ನೋಡಲು ಸುಮ್ನೆ ಹೊಳೆಯುವ ರಿಬ್ಬನ್ ಥರ ಇರುತ್ತದೆ. ಕೆಲವು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ದಪ್ಪ. ಅದರಲ್ಲಿ ಬಹುಪಾಲು ಗಟ್ಟಿ ಲೋಹದ ತಗಡು, ಬೆಳ್ಳಿ, ತಾಮ್ರ. ಕರೆಂಟ್ ಹೊರುವ ಕಪ್ಪು ಪದರ ಒಂದೆರಡು ಮೈಕ್ರೊಮೀಟರ್ ಮಾತ್ರ. ಆ ಪದರ ಬೆಳೆಸುವಾಗಲೇ ಅದರಲ್ಲಿ ಬೇರಿಯಂ ಜಿರ್ಕೊನೇಟ್ ಎಂಬ ವಸ್ತುವನ್ನು ಸ್ವಲ್ಪ ಸೇರಿಸುವುದುಂಟು. ಅದು ಕೆಲವೇ ನ್ಯಾನೊಮೀಟರ್ ದಪ್ಪದ ಕಡ್ಡಿಗಳಾಗಿ ತಾನೇ ನೆಟ್ಟಗೆ ಬೆಳೆಯುತ್ತದೆ. ಸುಳಿಯ ತಿರುಳಿಗೂ ಕಡ್ಡಿಗೂ ಅಳತೆ ಹತ್ತಿರ ಹತ್ತಿರ. ಸುಳಿ ತನ್ನ ಉದ್ದಕ್ಕೂ ಕಡ್ಡಿಯೊಳಗೆ ಕೂತರೆ ಬಿಡಿ ಗೂಟದ ಬದಲು ಇಡೀ ಕಂಬಕ್ಕೇ ಕಟ್ಟಿದಂತಾಯಿತು.

ಆದರೆ ಕಂಬ ಒಂದೇ ದಿಕ್ಕಿಗಿರುತ್ತದೆ. ಸುಳಿ ಅದೇ ದಿಕ್ಕಿನಲ್ಲಿದ್ದಾಗ ಹಿಡಿತ ಚೆನ್ನಾಗಿರುತ್ತದೆ, ಓರೆಯಾದರೆ ಕಮ್ಮಿಯಾಗುತ್ತದೆ. ಟೇಪ್‌ನಲ್ಲಿರುವ ವೈಬಿಸಿಒ ಹರಳಿನ ಪದರಗಳಿಗೂ ತಮ್ಮದೇ ದಿಕ್ಕಿದೆ. ಕ್ಷೇತ್ರ ಟೇಪಿನ ಮೈಗೆ ಸಮಾನಾಂತರವಾಗಿದ್ದರೆ ಸುಳಿಗಳು ಪದರಗಳ ನಡುವೆಯೇ ಸಿಕ್ಕಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಉದ್ದನೆಯ ಸುರುಳಿಯ ನಡುಭಾಗದಲ್ಲಿ ಇದೇ ಅನುಕೂಲ ಸಿಗುತ್ತದೆ. ಸುರುಳಿಯ ಎರಡು ತುದಿಗಳಲ್ಲಿ ಕ್ಷೇತ್ರ ಬಾಗಿ ಹೊರಗೆ ಹೋಗುವುದರಿಂದ ಅಲ್ಲಿನ ಟೇಪಿಗೆ ಅದು ಓರೆಯಾಗಿ ತಾಕುತ್ತದೆ. ಇಡೀ ಸುರುಳಿಯಲ್ಲಿ ಸುಳಿಗಳು ಮೊದಲು ಕಳಚುವ ಸಾಧ್ಯತೆ ಇರುವ ಜಾಗ ಅದೇ. ಅಯಸ್ಕಾಂತಕ್ಕೆ ಎಷ್ಟು ಕರೆಂಟ್ ಕೊಡಬಹುದು ಎಂದು ಲೆಕ್ಕ ಹಾಕುವವರು ಆ ತುದಿಗಳನ್ನು ಮೊದಲು ನೋಡುತ್ತಾರೆ.